ಹೊರಗಿನ ಪಟ್ಟಿ, ಒಳಗಿನ ಪಟ್ಟಿ

ಕನ್ನಡ ಸಮ್ಮೇಳನ ಮುಗಿದ ಮರುದಿನ ಬೆಳಿಗ್ಗೆ, ವಾಕೋದ ಪ್ರಯೋಗಾಲಯಕ್ಕೆ ಕೆಲಸಕ್ಕೆ ಹೊರಟು ರೈಲಿನಲ್ಲಿ ನಿಂತಿದ್ದಾಗ ಆ ಮೆಸೇಜು ಬಂತು. ಜಪಾನಿನಲ್ಲಿರುವ ಕನ್ನಡಿಗರೆಲ್ಲ ಸೇರಿಕೊಂಡಿರುವ ದೊಡ್ಡ ವಾಟ್ಸ್ಯಾಪ್ ಗುಂಪಿನಲ್ಲಿ. ಬರೆದವರು ಹಮಾಮತ್ಸುವಿನ ಮೋಟಾರ್‌ಸೈಕಲ್ ಕಾರ್ಖಾನೆಯೊಂದರ ಇಂಜಿನಿಯರ್. ಅವರು ಕರೆತಂದಿದ್ದ ಎಂಟು ಹುಡುಗಿಯರ ಕೋಲಾಟ ಹಿಂದಿನ ದಿನ ವೇದಿಕೆ ಹತ್ತಿರಲಿಲ್ಲ.

"ಎಂಟು ಮಕ್ಕಳು ಕತ್ತಲಲ್ಲಿ ಎದ್ದು ಮೊದಲನೇ ಶಿಂಕಾನ್ಸೆನ್ ರೈಲು ಹತ್ತಿದ್ದಾರೆ. ಕನ್ನಡ ಓದೋಕೆ ಬರದವರು ಹಾಡನ್ನ ಹಿರಾಗನ ಲಿಪಿಯಲ್ಲಿ ಬರ್ಕೊಂಡು ಬಾಯಿಪಾಠ ಮಾಡಿದ್ದಾರೆ. ಅವರಿಗೆ ಡ್ರೆಸ್ ಹಾಕಿಸಿ, ಕೂರಿಸಿ, ಕೊನೆಗೆ ಟೈಮ್ ಇಲ್ಲ ಅಂತ ಕಳಿಸಿದ್ರಿ. ಕಾರ್ಯದರ್ಶಿಯವರ ಮಗಳ ಭರತನಾಟ್ಯಕ್ಕೆ ಮಾತ್ರ ಹತ್ತು ನಿಮಿಷ ಪೂರ್ತಿ ಸಿಕ್ತು. ಈ ಸ್ವಯಂಸೇವಕರು ಯಾರ ಸೇವೆ ಮಾಡ್ತಿದ್ದಾರೆ ಅಂತ ಕೇಳ್ಬೇಕಾಗಿದೆ."

ನಾನು ಇಕೆಬುಕುರೊದಲ್ಲಿ ರೈಲು ಬದಲಿಸುವಷ್ಟರಲ್ಲಿ ಅದರ ಕೆಳಗೆ ಹೆಬ್ಬೆರಳುಗಳು ಸಾಲುಗಟ್ಟಿದ್ದವು. ಹಿಂದಿನ ದಿನ ಎರಡೆರಡು ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡವರ ಹೆಬ್ಬೆರಳುಗಳೂ ಅಲ್ಲಿದ್ದವು.

ಕಾರ್ಯದರ್ಶಿ ಕಾವಾಸಾಕಿ ಊರಿನ ಗೃಹಿಣಿ. ಐದು ವರ್ಷದಿಂದ ಸಭಾಂಗಣ ಗೊತ್ತುಮಾಡುವುದು, ಅರ್ಜಿ ತುಂಬುವುದು, ಉಸ್ತುವಾರಿಯ ಜಪಾನಿ ಮುದುಕರಿಗೆ ತಲೆಬಾಗಿಸಿ ಸುಮಿಮಾಸೆನ್ ಹೇಳುವುದು ಎಲ್ಲ ಅವರದೇ. ಆ ಸಭಾಂಗಣದಲ್ಲಿ ಕಸದ ಬುಟ್ಟಿ ಇಲ್ಲ, ನಮ್ಮ ಕಸವನ್ನು ನಾವೇ ಒಯ್ಯಬೇಕು. ಭಾನುವಾರ ಸಂಜೆ ಅವರೂ ಇನ್ನಿಬ್ಬರು ಹೆಂಗಸರೂ ಎಂಜಲು ತಟ್ಟೆಗಳ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತಿದ್ದರು. ಒಗ್ಗರಣೆಯ ವಾಸನೆಗೆ ಎದುರಿನ ಸೀಟಿನವರು ಎದ್ದು ಬೇರೆ ಬೋಗಿಗೆ ಹೋದರಂತೆ. ಇದನ್ನೆಲ್ಲ ಯಾರೂ ಗುಂಪಿನಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವರ ಫೋನ್ ಬಂತು.

"ಡಾಕ್ಟ್ರೇ, ನನ್ನ ಬೈಲಿ, ಪರವಾಗಿಲ್ಲ. ನನ್ನ ಮಗಳು ಹನ್ನೊಂದು ವರ್ಷದವಳು. ಅವಳನ್ನ ಯಾಕೆ ಎಳೀಬೇಕಿತ್ತು?"

"ಅವಳ ಡ್ಯಾನ್ಸ್ ಬೆಳಿಗ್ಗೆ ಮೊದಲನೇದಿತ್ತಲ್ವಾ ಅಕ್ಕ?"

"ಮತ್ತೆ? ಟೋಕಿಯೊ ಕಡೆಯವರು ಯಾರೂ ಬಂದೇ ಇರ್ಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಕುಣಿದ್ಳು ಪಾಪ. ಅದಕ್ಕೇ ಹತ್ತು ನಿಮಿಷ ಪೂರ್ತಿ ಸಿಕ್ಕಿದ್ದು. ಯಾರಾದ್ರೂ ಒಬ್ಬರು ಉತ್ತರ ಕೊಡ್ಲಿ. ಇಲ್ಲಾಂದ್ರೆ ಇದೇ ಕೊನೆ, ನಾನು ಬಿಟ್ಟೆ."

ಸಂಜೆ ಏಳಕ್ಕೆ ನಮ್ಮ ಸಮ್ಮೇಳನ ಸಮಿತಿ ಆನ್‌ಲೈನ್ ಸೇರಿತು. ಅಧ್ಯಕ್ಷರು ನನ್ನ ಕಡೆಗೆ ತಿರುಗಿದರು. "ನೀವು ಸೈಂಟಿಸ್ಟು. ಎಮೋಷನ್ ಬೇಡ. ಫ್ಯಾಕ್ಟ್ಸ್ ಹಾಕಿ ಮುಚ್ಚಿಸಿ."

"ಏನನ್ನ ಸರ್?"

"ಬಾಯಿ."

ನಮ್ಮ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಪ್ರತಿ ಸಮ್ಮೇಳನಕ್ಕೂ ನಮ್ಮಲ್ಲಿ ಎರಡು ವೇಳಾಪಟ್ಟಿಗಳು. ಹೊರಗಿನದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುವುದು. ಒಳಗಿನದು ನಿಜವಾದದ್ದು, ಹೊರಗಿನದಕ್ಕಿಂತ ಸರಿಯಾಗಿ ಒಂದು ಗಂಟೆ ತಡ. ದಂತವೈದ್ಯರ ಬಳಿಗೆ ಐದು ನಿಮಿಷ ಮೊದಲೇ ಹೋಗಿ ಕೂರುವ ನಮ್ಮ ಜನ ನಮ್ಮ ಕಾರ್ಯಕ್ರಮಕ್ಕೆ ಮಾತ್ರ ಒಂದು ಗಂಟೆ ತಡವಾಗಿ ಬರುತ್ತಾರೆ. ಆದ್ದರಿಂದ ಒಂಬತ್ತೂವರೆ ಎಂದು ಅಚ್ಚುಹಾಕಿ ಹತ್ತೂವರೆಗೆ ದೀಪ ಹಚ್ಚುತ್ತೇವೆ. ಟೋಕಿಯೊ ಸುತ್ತಮುತ್ತಲಿನವರಿಗೆ ಇದು ರೂಢಿಯಾಗಿದೆ. ದೂರದಿಂದ ಬರುವ ತಂಡಗಳಿಗೆ ಮಾತ್ರ ಒಳಗಿನ ಪಟ್ಟಿಯನ್ನು ಫೋನಿನಲ್ಲಿ ಹೇಳುತ್ತೇವೆ. ಬರೆದು ಕಳಿಸುವಂತಿಲ್ಲ. ಬರೆದರೆ ಅರ್ಧ ದಿನದಲ್ಲಿ ಎಲ್ಲರಿಗೂ ಫಾರ್ವರ್ಡ್ ಆಗಿ, ಜನ ಒಳಗಿನ ಪಟ್ಟಿಗೂ ಒಂದು ಗಂಟೆ ತಡವಾಗಿ ಬರುತ್ತಾರೆ.

ಈ ವರ್ಷ ದೂರದ ತಂಡಗಳು ನಾಲ್ಕು. ಫೋನ್ ಮಾಡುವ ಹೊಣೆ ನನ್ನದು.

"ಹಮಾಮತ್ಸುಗೆ ಒಳಗಿನ ಟೈಮ್ ಗೊತ್ತಿತ್ತಾ?" ಅಧ್ಯಕ್ಷರು ಕೇಳಿದರು.

"ಗೊತ್ತಿತ್ತು. ನಾನೇ ಫೋನ್ ಮಾಡಿ ಹೇಳಿದ್ದೆ."

ಪರದೆಯ ಮೇಲಿನ ಮುಖಗಳೆಲ್ಲ ಸಡಿಲಗೊಂಡವು.

ನನಗೆ ಸ್ಪಷ್ಟವಾಗಿ ನೆನಪಿತ್ತು. ನಮ್ಮ ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯ ಕಾರಿಡಾರು, ಪಾನೀಯ ಮಾರುವ ಯಂತ್ರದ ಪಕ್ಕ ನಿಂತಿದ್ದೆ. ಕೈಯಲ್ಲಿ ಕಾಫಿ ಡಬ್ಬಿ. ಬಿಸಿ ತಾಳಲಾರದೆ ಅದನ್ನು ಕೈಯಿಂದ ಕೈಗೆ ಬದಲಿಸುತ್ತಾ, "ನಿಮ್ಮದು ಎರಡು ನಲವತ್ತು ಅಂತ ಅಚ್ಚಾಗಿದೆ, ನಿಜವಾಗಿ ಮೂರು ನಲವತ್ತು" ಎಂದಿದ್ದೆ. ಆ ಕಡೆಯಿಂದ "ಸರಿ ಸರ್, ಗೊತ್ತಾಯ್ತು" ಎಂದು ಬಂದಿತ್ತು.

ಮಂಗಳವಾರ ಪೂರ್ತಿ ಪ್ರಯೋಗಾಲಯದ ಕೆಲಸ ಬದಿಗಿಟ್ಟು ಘಟನಾವಳಿ ಕಟ್ಟಿದೆ. ಸ್ವಯಂಸೇವಕರಿಂದ ಫೋಟೋಗಳನ್ನು ತರಿಸಿಕೊಂಡು, ಫೈಲಿನೊಳಗಿದ್ದ ಸಮಯ ನೋಡಿ ಜೋಡಿಸಿದೆ. ಕಾರ್ಯದರ್ಶಿ ವೇದಿಕೆಯ ಪಕ್ಕದಿಂದ ಸಮಿತಿಗೆ ಕಳಿಸುತ್ತಿದ್ದ ಒಂದೊಂದು ಸಾಲಿನ ಮೆಸೇಜುಗಳನ್ನು ಅವುಗಳ ನಡುವೆ ಕೂರಿಸಿದೆ. ಚಿತ್ರ ತಿಳಿಯಾಯಿತು. ಹಮಾಮತ್ಸುವಿನ ತಂಡ ಒಂಬತ್ತೂಕಾಲಿಗೇ ಸಭಾಂಗಣದ ಬಾಗಿಲಲ್ಲಿತ್ತು. ಒಂದೂವರೆಗೆ ಊಟ ತೆರೆದಾಗ ಆ ಮಕ್ಕಳು ಮೇಕಪ್ಪಿಗೆ ಕೂತಿದ್ದರು. ಎರಡೂವರೆಗೆ ವೇದಿಕೆಯ ಪಕ್ಕಕ್ಕೆ ಬಂದರು. ಅಲ್ಲಿದ್ದವರು "ಇನ್ನೂ ಟೈಮ್ ಇದೆ" ಎಂದರು. ಎಷ್ಟು ಟೈಮ್ ಎಂದು ಹೇಳಲಿಲ್ಲ. ಮೂರೂಕಾಲಿಗೆ ಮಕ್ಕಳು ಹಸಿವೆಂದು ಅತ್ತದ್ದಕ್ಕೆ ದೊಡ್ಡವರು ಅವರನ್ನು ರಸ್ತೆಯಾಚೆಯ ಕೊಂಬಿನಿ ಅಂಗಡಿಗೆ ಕರೆದೊಯ್ದರು. ಮೂರು ನಲವತ್ತಕ್ಕೆ ಕಾರ್ಯದರ್ಶಿ ಮೈಕಿನಲ್ಲಿ ತಂಡದ ಹೆಸರನ್ನು ಮೂರು ಸಲ ಕೂಗಿದರು. ಯಾರೂ ಬರಲಿಲ್ಲ. ಮುಖ್ಯ ಅತಿಥಿಯ ಭಾಷಣವನ್ನು ಆಗಲೇ ಶುರುಮಾಡಿಸಿದರು, ಅದು ಗೊತ್ತುಮಾಡಿದ್ದಕ್ಕಿಂತ ಎರಡು ಪಟ್ಟು ಉದ್ದವಾಯಿತು. ನಾಲ್ಕೂ ಇಪ್ಪತ್ತಕ್ಕೆ ಉಸ್ತುವಾರಿಯ ಮುದುಕರು ಬಂದು ಕೈಗಡಿಯಾರ ತೋರಿಸಿದರು. ಐದಕ್ಕೆ ಪ್ರತಿ ಕುರ್ಚಿಯೂ ಗೋಡೆಯ ಫೋಟೋದಲ್ಲಿರುವ ಹಾಗೆಯೇ ಇರಬೇಕು. ತಿರುಗಿ ಬಂದ ಮಕ್ಕಳಿಗೆ ಹೊತ್ತು ಉಳಿದಿರಲಿಲ್ಲ.

ಬುಧವಾರ ಮಧ್ಯಾಹ್ನ ಹಾಕಿದ ಉತ್ತರದಲ್ಲಿ ಆರು ಅಂಶಗಳಿದ್ದವು. ನಾಲ್ಕನೆಯದನ್ನು ಬರೆಯಲು ಅತಿ ಹೆಚ್ಚು ಹೊತ್ತು ತೆಗೆದುಕೊಂಡಿದ್ದೆ: "ಮಕ್ಕಳು ವೇದಿಕೆಯ ಮೇಲಿರಬೇಕಾದ ಹೊತ್ತಿನಲ್ಲಿ ಕೊಂಬಿನಿಯಲ್ಲಿದ್ದರು. ನಿಜವಾದ ವೇಳೆಯನ್ನು ತಂಡದ ಮುಖ್ಯಸ್ಥರಿಗೆ ಆಗಸ್ಟ್ ತಿಂಗಳಲ್ಲೇ ನಾನು ಖುದ್ದಾಗಿ ಫೋನಿನಲ್ಲಿ ತಿಳಿಸಿದ್ದೆ. ತಮ್ಮ ಮರೆವಿಗೆ ಹನ್ನೊಂದು ವರ್ಷದ ಹುಡುಗಿಯನ್ನು ಹೊಣೆ ಮಾಡುವುದು ಸಭ್ಯತೆಯಲ್ಲ." ಕೆಳಗೆ ಒಂದು ಫೋಟೋ. ಹಸಿರು ಲಂಗದ ಎಂಟು ಹುಡುಗಿಯರು ಕೋಲು ಹಿಡಿದು ಕೊಂಬಿನಿಯ ಗಲ್ಲಾದ ಮುಂದೆ. ಮುಂದಿನವಳ ಬಾಯಿಯಲ್ಲಿ ಆಗಲೇ ಅರ್ಧ ಒನಿಗಿರಿ, ಅನ್ನದುಂಡೆ. ಸಮಯ ಮೂರು ಮೂವತ್ತೆಂಟು. ಯಾರೋ ಸ್ವಯಂಸೇವಕರು ಚೆನ್ನಾಗಿದೆಯೆಂದು ತೆಗೆದದ್ದು, ನನ್ನ ಕೈಯಲ್ಲಿ ಸಾಕ್ಷಿಯಾಯಿತು.

ಗುಂಪು ಕ್ಷಣದಲ್ಲಿ ಮಗುಚಿಕೊಂಡಿತು. ಸೋಮವಾರ ಹೆಬ್ಬೆರಳು ಒತ್ತಿದ್ದವರೇ ಬುಧವಾರ ಚಪ್ಪಾಳೆ ತಟ್ಟಿದರು. "ಕೋಲಾಟ ಅಲ್ಲ ಗುರು, ಒನಿಗಿರಿ ಆಟ." "ಇಂಜಿನಿಯರ್ ಸಾಹೇಬ್ರೇ, ನೆಕ್ಸ್ಟ್ ಟೈಮ್ ಕೊಂಬಿನಿಲೇ ಸ್ಟೇಜ್ ಹಾಕಿಸ್ತೀವಿ." ಸಂಜೆಯ ಹೊತ್ತಿಗೆ ಯಾರೋ ಆ ಮುಂದಿನ ಹುಡುಗಿಯ ಮುಖವನ್ನು ಕತ್ತರಿಸಿ ಸ್ಟಿಕರ್ ಮಾಡಿದ್ದರು. ಊಟವಾಯಿತೇ ಎಂದು ಕೇಳುವುದಕ್ಕೂ ಜನ ಅದನ್ನೇ ಕಳಿಸತೊಡಗಿದರು. ನನಗೂ ನಗು ಬಂತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇಂಜಿನಿಯರ್ ಒಂದೇ ಸಾಲು ಬರೆದರು. "ನನಗೆ ಅಂಥ ಫೋನ್ ಬಂದಿಲ್ಲ ಸರ್."

"ಕಾರ್ಖಾನೆಯಲ್ಲಿ ಸಿಗ್ನಲ್ ಇರ್ಲಿಲ್ವೇನೋ" ಎಂದು ಒಬ್ಬರು. "ಶಬ್ದ ಜಾಸ್ತಿ ಅಲ್ವಾ, ಕೇಳಿಸಿಲ್ಲ" ಎಂದು ಇನ್ನೊಬ್ಬರು. ಮತ್ತೆ ಸ್ಟಿಕರ್.

ಆ ಸಾಲಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕಾಡಿತು. ನಾನು ಕಲಿತ ವಿದ್ಯೆಯೆಂದರೆ ಅನುಮಾನಿಸುವುದು. ಬೇರೆಯವರ ದತ್ತಾಂಶವನ್ನು ಅನುಮಾನಿಸಲು ನನಗೆ ಸಂಬಳ ಕೊಡುತ್ತಾರೆ. ಆದರೆ ಆ ಆರು ಅಂಶಗಳಲ್ಲಿ ಐದಕ್ಕೆ ದಾಖಲೆ ಇಟ್ಟಿದ್ದ ನಾನು ನಾಲ್ಕನೆಯದಕ್ಕೆ ನನ್ನ ನೆನಪನ್ನು ಮಾತ್ರ ಇಟ್ಟಿದ್ದೆ.

ಗುರುವಾರ ಫೋನಿನ ಕರೆಗಳ ಪಟ್ಟಿ ತೆಗೆದೆ. ಆಗಸ್ಟಿನಲ್ಲಿ ನಗೋಯಾಕ್ಕೆ ಒಂದು ಕರೆ, ಆರು ನಿಮಿಷ. ಒಸಾಕಾಕ್ಕೆ ಒಂದು. ಸೆಂಡಾಯ್‌ಗೆ ಒಂದು. ಹಮಾಮತ್ಸುವಿಗೆ ಇರಲಿಲ್ಲ. ಆಫೀಸಿನ ಫೋನಿನಿಂದ ಮಾಡಿರಬಹುದು ಎಂದುಕೊಂಡೆ. ನಮ್ಮ ವಿಭಾಗದ ಆಡಳಿತ ನೋಡಿಕೊಳ್ಳುವಾಕೆಯನ್ನು ಕೇಳಿ ಅದರ ಪಟ್ಟಿಯನ್ನೂ ತರಿಸಿದೆ. ಇರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಊರುಗಳ ಹೆಸರಿದ್ದವು. ನಾಲ್ಕನ್ನೂ ಒಂದೇ ಓರೆಗೆರೆಯಿಂದ ಹೊಡೆದು ಹಾಕಿದ್ದೆ. ಮೂರು ಮುಗಿದ ಮೇಲೆ ನಾಲ್ಕನೆಯದೂ ಮುಗಿದಂತೆಯೇ ಅನ್ನಿಸಿರಬೇಕು.

ಆದರೂ ಆ ಕಾರಿಡಾರು ಕಣ್ಣ ಮುಂದಿತ್ತು. ಶುಕ್ರವಾರ ಬೆಳಿಗ್ಗೆ ಎರಡನೇ ಮಹಡಿಗೆ ಹೋಗಿ ಆ ಯಂತ್ರದ ಮುಂದೆ ನಿಂತೆ. ಸೆಪ್ಟೆಂಬರಿನ ಸೆಕೆ. ಡಬ್ಬಿಗಳ ಕೆಳಗಿನ ಚೀಟಿಗಳೆಲ್ಲ ನೀಲಿ, ಎಲ್ಲವೂ ತಣ್ಣಗಿನವು. ಬಿಸಿ ಡಬ್ಬಿಗಳ ಕೆಂಪು ಚೀಟಿಯ ಸಾಲು ಬರುವುದು ಚಳಿ ಶುರುವಾಗುವ ಹೊತ್ತಿಗೆ. ಆಗಸ್ಟಿನಲ್ಲಿ ಅಲ್ಲಿ ಕೈ ಸುಡುವ ಡಬ್ಬಿ ಸಿಗಲು ಸಾಧ್ಯವೇ ಇಲ್ಲ. ನಾನು ನೆನಪಿಸಿಕೊಳ್ಳುತ್ತಿದ್ದದ್ದು ಯಾವುದೋ ಚಳಿಗಾಲದ ಯಾವುದೋ ಕರೆ. ಆ "ಸರಿ ಸರ್" ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಹಮಾಮತ್ಸುವಿನ ಮೂರು ನಲವತ್ತನ್ನು ನಾನೇ ಸೇರಿಸಿಕೊಂಡಿದ್ದೆ.

ಅಲ್ಲಿ ನಿಂತಿದ್ದಾಗಲೇ ಗುಂಪಿನಲ್ಲಿ ಇಂಜಿನಿಯರ್ ಮತ್ತೆ ಬರೆದರು. "ಫೋನ್ ಬಂದಿರಬಹುದು. ನಾನೇ ಮರೆತಿರಬೇಕು. ಕಾರ್ಯದರ್ಶಿಯವರಲ್ಲಿ, ಅವರ ಮಗಳಲ್ಲಿ, ನಮ್ಮ ತಂಡದ ಉಳಿದ ಏಳು ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಕ್ಷಮೆ ಕೇಳ್ತೀನಿ."

ಅಧ್ಯಕ್ಷರಿಗೆ ಫೋನ್ ಮಾಡಿ, ಕರೆ ಮಾಡದೆ ಇದ್ದದ್ದು ನಾನೇ ಎಂದೆ. "ಅವರೇ ಒಪ್ಕೊಂಡಾಯ್ತಲ್ಲ," ಎಂದರು. "ಕೇಸ್ ಕ್ಲೋಸ್. ನೀವೀಗ ಮತ್ತೆ ತೆಗೆದ್ರೆ ಸಮಿತಿ ಮರ್ಯಾದೆ ಹೋಗುತ್ತೆ. ಆ ಹೆಂಗಸಿನ ಗತಿ ಏನಾಗುತ್ತೆ ಯೋಚ್ನೆ ಮಾಡಿ."

ಅದು ನಿಜವಾದ ಪ್ರಶ್ನೆಯೇ ಆಗಿತ್ತು. ಶನಿವಾರ ಮಧ್ಯಾಹ್ನ ಕಾವಾಸಾಕಿಗೆ ಹೋದೆ. ಕಾರ್ಯದರ್ಶಿ ಸಮ್ಮೇಳನಕ್ಕೆ ಎರವಲು ತಂದಿದ್ದ ದೊಡ್ಡ ಪಾತ್ರೆಗಳನ್ನು ಬಾಲ್ಕನಿಯಲ್ಲಿ ಉಜ್ಜುತ್ತಿದ್ದರು. ಒಂದೊಂದರ ತಳದಲ್ಲೂ ಯಾರದೆಂದು ಟೇಪು ಅಂಟಿಸಿತ್ತು. ವಿಷಯ ಹೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಐದು ವರ್ಷದಲ್ಲಿ ಮೊದಲನೇ ಸಲ ಜನ ನನ್ನ ಪರವಾಗಿ ಮಾತಾಡಿದ್ರು," ಎಂದರು. "ಅದೂ ಸುಳ್ಳಿನ ಮೇಲೆ."

"ಬೇಡ ಅಂದ್ರೆ ಹಾಕಲ್ಲ ಅಕ್ಕ."

"ನನ್ನ ಮೇಲೆ ಹಾಕ್ಬೇಡಿ ಡಾಕ್ಟ್ರೇ. ನಾನು ಬೇಡ ಅಂತ ಯಾವಾಗ ಅಂದೆ? ನನ್ನ ಡಿಫೆಂಡ್ ಮಾಡೋಕೆ ಅವರ ಮಕ್ಕಳ ಫೋಟೋ ಬೇಕಿತ್ತಾ ನಿಮಗೆ?"

"ನನ್ನ ಉತ್ತರಕ್ಕೆ ನೀವೂ ಹೆಬ್ಬೆರಳು ಒತ್ತಿದ್ರಿ."

"ಒತ್ತಿದ್ದೆ. ಎರಡು ದಿನ ಖುಷಿಯಾಗೂ ಇದ್ದೆ. ಸ್ಟಿಕರ್ ನೋಡಿ ನನ್ನ ಮಗಳೂ ನಕ್ಕಳು. ಆಮೇಲೆ ಅವಳನ್ನ ನೋಡಿ ನನಗೇ ಒಂಥರಾ ಆಯ್ತು."

ಬರೆದು ತಂದಿದ್ದ ಕರಡನ್ನು ತೋರಿಸಿದೆ. "ನಾವು ಪರಿಶೀಲಿಸಿದಾಗ, ಸದರಿ ಕರೆಯ ದಾಖಲೆ ಲಭ್ಯವಾಗುತ್ತಿಲ್ಲ" ಎಂದಿತ್ತು. ಅವರು ಸೆರಗಿಗೆ ಕೈ ಒರೆಸಿಕೊಂಡು ಓದಿದರು.

"ಲಭ್ಯವಾಗುತ್ತಿಲ್ಲ ಅಂದ್ರೇನು? ಮಾಡಿದ್ರಾ, ಇಲ್ವಾ?"

"ಮಾಡಿಲ್ಲ."

"ಹಾಗೇ ಬರೀರಿ. ಮತ್ತೆ ಈ ‘ನಾವು’ ಯಾರು? ನಾನು ಮೂರು ಸಲ ಕೂಗಿದೀನಿ, ಕುರ್ಚಿ ಹೊತ್ತಿದೀನಿ, ಕಸ ಹೊತ್ತಿದೀನಿ. ಇದನ್ನ ಹೊರಲ್ಲ. ನಾನು ಅಂತ ಬರೀರಿ."

ಅವರ ಬಾಲ್ಕನಿಯಲ್ಲೇ ನಿಂತು ತಿದ್ದಿ ಹಾಕಿದೆ. "ಹಮಾಮತ್ಸುವಿಗೆ ನಾನು ಫೋನ್ ಮಾಡಿಲ್ಲ. ಮಾಡಿದ್ದೇನೆಂದು ಬರೆದದ್ದು ತಪ್ಪು. ಅವರು ಅಚ್ಚಾದ ವೇಳೆಯನ್ನು ನಂಬಿ ಬಂದರು. ಕಾರ್ಯದರ್ಶಿಯವರದೂ ಇದರಲ್ಲಿ ತಪ್ಪಿಲ್ಲ. ಫೋಟೋ ಮತ್ತು ಸ್ಟಿಕರನ್ನು ಎಲ್ಲರೂ ಅಳಿಸಬೇಕೆಂದು ಬೇಡುತ್ತೇನೆ." ಜೊತೆಗೆ ಕರೆಗಳ ಪಟ್ಟಿಯ ಚಿತ್ರ.

ಬೈಗುಳಕ್ಕೆ ಸಿದ್ಧನಾಗಿದ್ದೆ. ಬಂದದ್ದು ಹೃದಯಗಳು, ಮುಗಿದ ಕೈಗಳು. "ಡಾಕ್ಟ್ರದು ದೊಡ್ಡ ಮನಸ್ಸು." "ಅವರು ಸಾರಿ ಕೇಳಿದ ಮೇಲೆ ಇವರು ತಮ್ಮ ಮೇಲೆ ಹಾಕ್ಕೊಂಡ್ರು ನೋಡಿ, ಇದು ಸಂಸ್ಕಾರ." ಇಂಜಿನಿಯರ್ ಆಗಲೇ ತಪ್ಪು ಒಪ್ಪಿಕೊಂಡಿದ್ದರಿಂದ, ನನ್ನ ತಪ್ಪೊಪ್ಪಿಗೆ ಔದಾರ್ಯವಾಗಿ ಕಂಡಿತ್ತು. ಕರೆಗಳ ಪಟ್ಟಿಯನ್ನು ಯಾರೂ ತೆರೆದು ನೋಡಿದಂತಿರಲಿಲ್ಲ. "ಇದು ಔದಾರ್ಯ ಅಲ್ಲ, ನಿಜ" ಎಂದು ಇನ್ನೊಂದು ಸಲ ಬರೆದೆ. ಅದಕ್ಕೂ ಹೃದಯಗಳು ಬಂದವು.

"ಎಲ್ಲರೆದುರು ಅವರಿಗೆ ಹೊಡೆದ್ರಿ," ಕಾರ್ಯದರ್ಶಿ ಫೋನ್ ನೋಡುತ್ತಾ ಹೇಳಿದರು, "ಈಗ ಅದಕ್ಕೂ ಹಾರ ಹಾಕಿಸ್ಕೊತಿದೀರ. ಅವರಿಗೆ ಫೋನ್ ಮಾಡಿ. ಇಲ್ಲಿಂದಲೇ ಮಾಡಿ, ನಾನು ನೋಡ್ತೀನಿ."

ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ನಾನು ಹೇಳುವುದನ್ನೆಲ್ಲ ಹೇಳಿದೆ.

"ಓದಿದೆ ಸರ್," ಎಂದರು. "ನೀವು ಅಷ್ಟು ವಿವರವಾಗಿ ಬರೆದಿದ್ರಿ. ಉಳಿದ ಏಳು ಮನೆಯವರು ಬಂದು, ಡಾಕ್ಟ್ರು ಟೈಮ್ ಹೇಳಿದ್ರಂತಲ್ಲ, ನಮಗ್ಯಾಕೆ ಮುಚ್ಚಿಟ್ರಿ ಅಂದ್ರು. ನನ್ನ ಹೆಂಡತಿನೂ ಕೇಳಿದ್ಳು, ನಿಜ ಹೇಳಿ, ಬಂದಿತ್ತಾ ಅಂತ. ಕೊನೆಗೆ ನನಗೂ ನೆನಪಾದ ಹಾಗೆ ಆಯ್ತು ಸರ್. ಫ್ಯಾಕ್ಟರಿ ಲೈನ್ ಪಕ್ಕ ನಿಂತು ನಿಮ್ಮ ಹತ್ರ ಮಾತಾಡಿದ ಹಾಗೆ."

"ಇಲ್ಲ ಸರ್. ನಾವು ಮಾತಾಡೇ ಇಲ್ಲ."

"ಗುಂಪಲ್ಲಿ ಬರೆದದ್ದು ಸಾಕು. ಅಲ್ಲಿ ಯಾರೂ ನಂಬಲ್ಲ. ನೀವು ನನ್ನ ಮಗಳಿಗೆ ಒಂದು ಮಾತು ಹೇಳಿ. ಆ ಸ್ಟಿಕರಲ್ಲಿರೋಳು ಅವಳೇ. ಹತ್ತು ವರ್ಷ. ಮೂರು ದಿನದಿಂದ ನನ್ನ ಹತ್ರ ಜಪಾನೀಸಲ್ಲೇ ಮಾತಾಡ್ತಿದ್ದಾಳೆ."

ಫೋನ್ ಕೈ ಬದಲಾಯಿತು. "ಹಾಯ್" ಎಂಬ ಸಣ್ಣ ದನಿ ಕೇಳಿಸಿತು. ಅವಳಿಗೆ ಅರ್ಥವಾಗಲೆಂದು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದೆ. ನಿನ್ನ ಅಪ್ಪ ಏನೂ ಮರೆತಿಲ್ಲ. ನಾನು ಅವರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಮಾಡಿದೆ ಅಂತ ಎಲ್ಲರಿಗೂ ತಪ್ಪು ಹೇಳಿದೆ. ನಿನ್ನ ಫೋಟೋ ಹಾಕಿದ್ದೂ ನಾನೇ.

ಅವಳು ಇಂಗ್ಲಿಷಿನಲ್ಲಿ ಕೇಳಿದಳು. "ದೆನ್ ವೈ ಡಿಡ್ ಅಪ್ಪ ಸೇ ಸಾರಿ?"

ಕಾರ್ಯದರ್ಶಿ ನನ್ನನ್ನೇ ನೋಡುತ್ತಿದ್ದರು.

"ಯಾಕಂದ್ರೆ," ಎಂದೆ, "ನಾನು ಬರೆದದ್ದನ್ನ ಅಪ್ಪ ನಂಬಿದ್ರು."

ಅವಳು ತಡವಿ ತಡವಿ ಕನ್ನಡದಲ್ಲಿ ಹೇಳಿದಳು. "ನಾನೂ ನಂಬಿದೆ." ಆಮೇಲೆ ಫೋನನ್ನು ಎಲ್ಲೋ ಕೆಳಗಿಟ್ಟು ಹೋದಳು. ಕರೆ ಕಡಿದಿರಲಿಲ್ಲ. ಅವಳ ಹೆಜ್ಜೆ ದೂರವಾಗುವುದು, ಬಾಗಿಲೊಂದು ಜರುಗುವುದು ಕೇಳಿಸಿತು. ಬಾಗಿಲಾಚೆ ಅವಳಪ್ಪ ಅವಳನ್ನು ಕನ್ನಡದಲ್ಲಿ ಏನೋ ಕೇಳಿದರು. ಉತ್ತರ ಜಪಾನೀಸಿನಲ್ಲೇ ಬಂತು.